ಮನೆವಾರ್ತೆ: ಜೀಪಿನ ಕಡೆಯ ಹಲ್ಲುಚಕ್ರ

ಮನೆಯ ಆದಾಯ ವೆಚ್ಚಗಳನ್ನು ಕುರಿತು ಬರೆಯುವ ಈ ಅಂಕಣದಲ್ಲಿ ಯಂತ್ರದ ಹಲ್ಲುಗಳನ್ನು ಎಣಿಸಲು ಹೊರಟಿರುವೆವೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಅಕ್ಕಿ ಬೇಳೆ, ಮಕ್ಕಳ ಶಾಲೆಯ ಫೀಜು, ವೈದ್ಯರ ಬಿಲ್ಲು ಇವುಗಳ ಸಾಲಿನಲ್ಲಿ ಮೋಟಾರು ಗಾಡಿಯೂ ಈಗ ಗೃಹಸ್ಥನ ಲೆಕ್ಕದ ಪುಸ್ತಕದಲ್ಲಿ ತನ್ನದೊಂದು ಪುಟವನ್ನು ಹಿಡಿದು ಕುಳಿತಿದೆ. ಆ ಪುಟದಲ್ಲಿ ಪೆಟ್ರೋಲಿನ ಖರ್ಚು ಎಲ್ಲರ ಕಣ್ಣಿಗೂ ಬೀಳುವುದು. ಗಾಡಿಯನ್ನು ಇನ್ನೂ ಉತ್ತಮಪಡಿಸಬೇಕೆಂಬ ಆಸೆಯಿಂದ ಮಾಡುವ ಖರ್ಚು ಮಾತ್ರ ಎಷ್ಟೋ ವೇಳೆ ವಿಚಾರಕ್ಕೆ ಸಿಕ್ಕದೆಯೇ ದಾಟಿಹೋಗುವುದು. ಅಂತಹ ಖರ್ಚುಗಳಲ್ಲೊಂದನ್ನು ಈ ತಿಂಗಳು ವಿಚಾರಿಸೋಣ.

ಬೆಂಗಳೂರಿನ ಉತ್ತರ ಭಾಗದ ಸಹಕಾರನಗರದಲ್ಲಿ ಒಂದು ಸಂಸಾರವಿರುವುದೆಂದು ಭಾವಿಸೋಣ. ತಂದೆಯವರು ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದಲ್ಲಿ ಓಡಿಸುತ್ತಿದ್ದ ಹಳೆಯ ಪೆಟ್ರೋಲ್ ಜೀಪು ಮಗನ ಪಾಲಿಗೆ ಬಂದಿದೆ. ತೋಟದ ಕೆಸರಿನಲ್ಲಿಯೂ ಏರುದಾರಿಯಲ್ಲಿಯೂ ಆನೆಯಂತೆ ನಡೆದ ಗಾಡಿಯು, ಬಳ್ಳಾರಿ ರಸ್ತೆಯನ್ನು ಸೇರಿ ಯಲಹಂಕ ದೇವನಹಳ್ಳಿಗಳ ಕಡೆಗೆ ತಿರುಗಿದೊಡನೆ ಅರಚತೊಡಗುವುದು. ಪಕ್ಕದಲ್ಲಿ ಇತರರ ಕಾರುಗಳು ಸದ್ದಿಲ್ಲದೆ ದಾಟಿಹೋಗುತ್ತಿರಲು, ಜೀಪಿನೊಳಗೆ ಕುಳಿತವರು ಒಬ್ಬರ ಮಾತನ್ನೊಬ್ಬರು ಕೇಳಲಾರರು. ಗ್ಯಾರೇಜಿನ ಮೇಸ್ತ್ರಿಯು, “ಕ್ರೌನ್-ಪಿನಿಯನ್ ಬದಲಾಯಿಸಿಬಿಡಿ ಸಾರ್, ಗಾಡಿ ಗಾಳಿಯಂತೆ ಹೋಗುತ್ತದೆ, ಪೆಟ್ರೋಲೂ ಉಳಿಯುತ್ತದೆ” ಎನ್ನುವನು. ಮನೆಯಾಕೆಯು ಮಳೆಗಾಲಕ್ಕೆ ಮುಂಚೆ ಸೋರುವ ತಾರಸಿಯನ್ನು ರಿಪೇರಿ ಮಾಡಿಸಲೆಂದು ತೆಗೆದಿಟ್ಟಿರುವ ಹಣದ ಮಾತನ್ನೆತ್ತುವಳು. ವೃದ್ಧೆಯಾದ ತಾಯಿಗಾದರೋ, ವರ್ಷಕ್ಕೊಮ್ಮೆಯಾದರೂ ಯಜಮಾನರ ಜೀಪಿನಲ್ಲಿಯೇ ನಂದಿಬೆಟ್ಟಕ್ಕೆ ಹೋಗಿಬರಬೇಕೆಂಬ ಆಸೆ. ಇವರು ಏನು ಮಾಡತಕ್ಕದ್ದು? ಮೇಸ್ತ್ರಿಯ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಉಳಿದರ್ಧವನ್ನು ತಿಳಿದುಕೊಂಡ ಮೇಲೆ ಹಣದ ಚೀಲವನ್ನು ಬಿಚ್ಚುವುದು ಲೇಸು.

ಕ್ರೌನ್-ಪಿನಿಯನ್ ಎಂಬುದು ಏನೆಂಬುದನ್ನು ಮೊದಲು ನೋಡೋಣ. ಜೀಪಿನ ಇಂಜಿನು ಮುಂಭಾಗದಲ್ಲಿದೆ. ಅದರ ತಿರುಗುವಿಕೆಯು ಗೇರುಪೆಟ್ಟಿಗೆಯನ್ನು ಹಾದು, ಉದ್ದವಾದ ಉಕ್ಕಿನ ದಂಡವೊಂದರ ಮೂಲಕ ಹಿಂದಿನ ಅಚ್ಚಿನ ನಡುವೆ ಉಬ್ಬಿಕೊಂಡಿರುವ ಗುಂಡನೆಯ ಡಬ್ಬಿಯನ್ನು ಸೇರುವುದು. ಆ ಡಬ್ಬಿಯೊಳಗೆ ದಂಡದ ತುದಿಗೆ ಒಂದು ಚಿಕ್ಕ ಹಲ್ಲುಚಕ್ರವಿದೆ, ಇದೇ ಪಿನಿಯನ್. ಅದು ತಟ್ಟೆಯಷ್ಟು ಅಗಲವಾದ ಮತ್ತೊಂದು ಹಲ್ಲುಚಕ್ರವನ್ನು ತಿರುಗಿಸುವುದು; ಇದು ಕ್ರೌನ್. ಗಾಲಿಗಳು ತಿರುಗುವುದು ಈ ದೊಡ್ಡ ಚಕ್ರದಿಂದ. ಚಿಕ್ಕದು ಹಲವು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು ಸುತ್ತುವುದಾದುದರಿಂದ, ವೇಗವು ಕುಗ್ಗಿ ಅದಕ್ಕೆ ಬದಲಾಗಿ ಎಳೆಯುವ ಬಲವು ಹಿಗ್ಗುವುದು. ಬಾವಿಯ ಮೇಲೆ ರಾಟೆಗೆ ಬದಲಾಗಿ ಹಿಡಿಯಿರುವ ಉರುಳೆಯನ್ನು ನಿಲ್ಲಿಸಿ ನೀರು ಸೇದುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಉದ್ದನೆಯ ಹಿಡಿಯನ್ನು ತಿರುವಿದರೆ ತುಂಬಿದ ಕೊಡವೂ ಹಗುರವಾಗಿ ಬರುವುದು. ಆದರೆ ಕೈ ಬಹುದೂರ ಸುತ್ತಬೇಕಾಗುವುದು. ಬಲದಲ್ಲಿ ಉಳಿದುದನ್ನು ಸುತ್ತಿನಲ್ಲಿ ಕೊಡಬೇಕು. ಯಾವ ಯಂತ್ರವೂ ಈ ಲೆಕ್ಕವನ್ನು ತಪ್ಪಿಸಿಕೊಂಡಿಲ್ಲ.

ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕಡೆಯ ಗೇರಿನ ಪ್ರಮಾಣ. ಜೀಪಿನ ಚರಿತ್ರೆಯಲ್ಲಿಯೇ ಇದಕ್ಕೆ ಒಳ್ಳೆಯ ದೃಷ್ಟಾಂತವಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯವರು ಸೈನ್ಯಕ್ಕಾಗಿ ಕಟ್ಟಿಕೊಟ್ಟ ಎಂ.ಬಿ. ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು. ಪ್ರಮಾಣವು ಸುಮಾರು 4.88. ಯುದ್ಧವು ಮುಗಿದ 1945ರಲ್ಲಿ ಅದೇ ಕಂಪನಿಯವರು ಹೊಲದ ಕೆಲಸಕ್ಕೂ ಒದಗಲೆಂದು ಸಿ.ಜೆ.-2ಎ ಎಂಬ ನಾಗರಿಕರ ಜೀಪನ್ನು ಹೊರತಂದಾಗ, ಪಿನಿಯನ್ನಿಗೆ 8 ಹಲ್ಲನ್ನೇ ಇಟ್ಟುಕೊಂಡು ಕ್ರೌನಿನ ಹಲ್ಲುಗಳನ್ನು 43ಕ್ಕೆ ಏರಿಸಿದರು; ಪ್ರಮಾಣವು 5.38 ಆಯಿತು. ದಂಡಿನ ಹಿಂದೆ ಓಡಬೇಕಾದ ಗಾಡಿಗೆ ಒಂದು ಪ್ರಮಾಣ, ನೇಗಿಲನ್ನು ಎಳೆಯಬೇಕಾದ ಗಾಡಿಗೆ ಮತ್ತೊಂದು. 1953ರ ಸಿ.ಜೆ.-3ಬಿ ಮಾದರಿಯಲ್ಲಿಯೂ 5.38 ಮುಂದುವರಿಯಿತು, ಈ ಮಾದರಿಯನ್ನೇ ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದರು. ನಮ್ಮ ಸಹಕಾರನಗರದ ಸಂಸಾರದ ಜೀಪು ಇದೇ ವಂಶದ್ದೆಂದು ಇಟ್ಟುಕೊಳ್ಳೋಣ.

ಇಲ್ಲಿ ಒಂದು ಚಿಕ್ಕ ಸ್ವಾರಸ್ಯವನ್ನು ಹೇಳದೆ ಮುಂದುವರಿಯಲು ಮನಸ್ಸಾಗುವುದಿಲ್ಲ. ಕ್ರೌನಿಗೆ ಸರಿಯಾಗಿ 40 ಹಲ್ಲನ್ನಿಟ್ಟು ಪ್ರಮಾಣವನ್ನು 5 ಮಾಡಿಬಿಡಬಹುದಾಗಿತ್ತಲ್ಲ, 39, 43 ಎಂಬ ಒಡಕು ಸಂಖ್ಯೆಗಳೇಕೆ? 8 ಮತ್ತು 40 ಆದರೆ, ಪಿನಿಯನ್ನಿನ ಒಂದು ಹಲ್ಲು ಐದು ಸುತ್ತಿಗೊಮ್ಮೆ ಕ್ರೌನಿನ ಅದೇ ಹಲ್ಲನ್ನೇ ಬಂದು ತಾಗುವುದು. ಆ ಹಲ್ಲಿನಲ್ಲಿ ಒಂದು ಗೀರಿದ್ದರೂ ಅದರ ಪೆಟ್ಟು ಅದೇ ಜೊತೆಯ ಮೇಲೆಯೇ ಬೀಳುತ್ತ ಹೋಗುವುದು. 8 ಮತ್ತು 39 ಆದರೆ, ಒಂದೇ ಜೊತೆಯ ಹಲ್ಲುಗಳು ಮರಳಿ ಸಂಧಿಸಬೇಕಾದರೆ ಪಿನಿಯನ್ನು 39 ಸುತ್ತು ಸುತ್ತಬೇಕು. ಹೀಗೆ ಸವೆತವು ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುವುದು. ಅವಿಭಕ್ತ ಕುಟುಂಬದಲ್ಲಿ ಮನೆಗೆಲಸವೆಲ್ಲ ಒಬ್ಬ ಸೊಸೆಯ ಮೇಲೆಯೇ ಬೀಳದಂತೆ ನೋಡಿಕೊಳ್ಳುವ ಹಿರಿಯರ ಜಾಣತನವು ಈ ಹಲ್ಲುಗಳ ಎಣಿಕೆಯಲ್ಲಿಯೂ ಇದೆ.

ಇನ್ನು ಲೆಕ್ಕಕ್ಕೆ ಬರೋಣ. ಜೀಪಿನ ಗಾಲಿಯು ಒಂದು ಸುತ್ತಿಗೆ 2.2 ಮೀಟರು ಉರುಳುವುದೆಂದು ಹಿಡಿದರೆ, ಒಂದು ಕಿಲೋಮೀಟರಿಗೆ ಸುಮಾರು 455 ಸುತ್ತಾಗುವುದು. ಈ ಜೀಪುಗಳ ಮೂರನೆಯ ಗೇರಿನಲ್ಲಿ ಗೇರುಪೆಟ್ಟಿಗೆಯು ವೇಗವನ್ನು ಹೆಚ್ಚು ಕಡಮೆ ಮಾಡದೆ ನೇರವಾಗಿ ದಾಟಿಸುವುದರಿಂದ, ಗಾಲಿಯ ಸುತ್ತನ್ನು ಕಡೆಯ ಪ್ರಮಾಣದಿಂದ ಗುಣಿಸಿದರೆ ಇಂಜಿನಿನ ಸುತ್ತು ದೊರೆಯುವುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, 5.38ರ ಅಚ್ಚಿದ್ದರೆ ಇಂಜಿನು ನಿಮಿಷಕ್ಕೆ ಸುಮಾರು 2440 ಸುತ್ತು ಸುತ್ತುವುದು, 4.88 ಆದರೆ ಸುಮಾರು 2215. ವೇಗವು 80 ಆದಾಗ ಈ ಸಂಖ್ಯೆಗಳು ಕ್ರಮವಾಗಿ 3260 ಮತ್ತು 2955 ಆಗುವುವು. ವಿಲ್ಲಿಸ್ ಇಂಜಿನು ತನ್ನ ಪೂರ್ಣ ಶಕ್ತಿಯನ್ನು ಮುಟ್ಟುವುದು 4000 ಸುತ್ತಿನಲ್ಲಿ. ಅದರ ಎಳೆತವು ಅತ್ಯಧಿಕವಾಗಿರುವುದು 2000ದ ಆಸುಪಾಸಿನಲ್ಲಿ. ಆದುದರಿಂದ 80ರ ವೇಗದಲ್ಲಿ ಹಳೆಯ ಅಚ್ಚಿನ ಜೀಪು ತನ್ನ ಶಕ್ತಿಯ ಎಲ್ಲೆಯನ್ನು ಸಮೀಪಿಸಿ ಅರಚುವುದು ಸಹಜವೇ. ಸಹಕಾರನಗರದಿಂದ ನಂದಿಗೆ ಹೋಗಿಬರುವ ಸುಮಾರು 100 ಕಿಲೋಮೀಟರುಗಳನ್ನು ಮೂರನೆಯ ಗೇರಿನಲ್ಲಿಯೇ ನಡೆದರೆ, 4.88ರ ಅಚ್ಚಿನಿಂದ ಇಂಜಿನಿಗೆ 22,000ಕ್ಕೂ ಹೆಚ್ಚು ಸುತ್ತುಗಳ ದುಡಿಮೆ ಉಳಿಯುವುದು. ಮೇಸ್ತ್ರಿಯು ಹೇಳುವ ಅರ್ಧ ಸತ್ಯವೆಂದರೆ ಇದು.

ಉಳಿದರ್ಧವು ಏರಿನಲ್ಲಿದೆ. ಪ್ರಮಾಣವು 5.38ರಿಂದ 4.88ಕ್ಕೆ ಇಳಿದರೆ ಗಾಲಿಯಲ್ಲಿ ದೊರೆಯುವ ಎಳೆತವು ನೂರಕ್ಕೆ ಒಂಬತ್ತು ಪಾಲು ಇಳಿಯುವುದು. ಅದೂ ಒಂದು ಗೇರಿನಲ್ಲಲ್ಲ, ಎಲ್ಲ ಗೇರುಗಳಲ್ಲಿಯೂ. ಮೊದಲನೆಯ ಗೇರು ಇಂಜಿನಿನ ವೇಗವನ್ನು 2.8ರಷ್ಟು ಕುಗ್ಗಿಸುವುದು, ಕಡೆಯ ಗೇರನ್ನೂ ಸೇರಿಸಿದರೆ ಹಳೆಯ ಅಚ್ಚಿನಲ್ಲಿ ಒಟ್ಟು 15ರಷ್ಟು, ಹೊಸದರಲ್ಲಿ 13.6ರಷ್ಟು. ಮಾತನ್ನು ಮನೆಯ ಭಾಷೆಯಲ್ಲಿ ಹೇಳುವುದಾದರೆ, ಜನರೂ ಸಾಮಾನೂ ಸೇರಿ 1300 ಕಿಲೋ ತೂಗುವ ಜೀಪಿಗೆ ಏರುದಾರಿಯಲ್ಲಿ ಇನ್ನೂ 130 ಕಿಲೋ, ಎಂದರೆ ದೊಡ್ಡವರಿಬ್ಬರು ಹೆಚ್ಚಾಗಿ ಹತ್ತಿ ಕುಳಿತಂತೆ. ಇಷ್ಟನ್ನು ಒಳ್ಳೆಯ ಸ್ಥಿತಿಯಲ್ಲಿರುವ ಇಂಜಿನು ಸಹಿಸಿಕೊಳ್ಳಬಹುದು. ಆದರೆ ಇನ್ನೂ ಹೆಚ್ಚಿನ ವೇಗದ ಆಸೆಯಿಂದ ಕೆಲವರು 11 ಮತ್ತು 41 ಹಲ್ಲುಗಳ ಜೊತೆಯನ್ನು, ಎಂದರೆ 3.73ರ ಪ್ರಮಾಣವನ್ನು ಹುಡುಕುವುದುಂಟು. ಆಗ ಎಳೆತವು ನೂರಕ್ಕೆ ಮೂವತ್ತು ಪಾಲು ಇಳಿಯುವುದು; ಅದೇ ಲೆಕ್ಕದಲ್ಲಿ ಎಂಟು ಮಂದಿಯನ್ನು ಹೆಚ್ಚಾಗಿ ಹೇರಿದಂತಾಯಿತು. ಅಂತಹ ಜೀಪು ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ ನಿಂತು ನಿಂತು ಹೊರಡಬೇಕಾದಾಗ ಚಾಲಕನು ಕ್ಲಚ್ಚನ್ನು ಅರ್ಧ ಹಿಡಿದು ಸುಡಬೇಕಾಗುವುದು. ಹೆದ್ದಾರಿಯಲ್ಲಿ ಉಳಿಸಿದ ಹಣವು ಕ್ಲಚ್ಚಿನ ತಟ್ಟೆಗೆ ಹೋಗುವುದು.

ಏರಿಗಿಂತಲೂ ಇಳಿತದ ಮಾತು ಹೆಚ್ಚು ಗಂಭೀರವಾದುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದರೆ ನಂದಿಬೆಟ್ಟದ ನೆತ್ತಿಯು 1478 ಮೀಟರು ಎತ್ತರದಲ್ಲಿದೆ. ಆ ತಿರುವುಗಳಲ್ಲಿ ಇಳಿಯುವಾಗ ಬಲ್ಲ ಚಾಲಕನು ಬ್ರೇಕನ್ನೇ ನಂಬದೆ ಕೆಳಗಿನ ಗೇರನ್ನು ಹಾಕಿ, ಇಂಜಿನಿನ ಬಿಗಿತದಿಂದಲೇ ಗಾಡಿಯನ್ನು ತಡೆಹಿಡಿಯುವನು. ಕಡೆಯ ಪ್ರಮಾಣವು ಹೇಗೆ ಏರಿನಲ್ಲಿ ಬಲವನ್ನು ಹಿಗ್ಗಿಸುವುದೋ ಹಾಗೆಯೇ ಇಳಿತದಲ್ಲಿ ಈ ತಡೆಯನ್ನೂ ಹಿಗ್ಗಿಸುವುದು. ಪ್ರಮಾಣವನ್ನು ತಗ್ಗಿಸಿದರೆ ತಡೆಯೂ ಅಷ್ಟೇ ತಗ್ಗಿ, ಆ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುವುದು. ಹಳೆಯ ಜೀಪಿನ ನಾಲ್ಕು ಗಾಲಿಗಳಲ್ಲಿಯೂ ಇರುವುದು ಡ್ರಮ್ ಬ್ರೇಕುಗಳು. ಅವು ಕಾದರೆ ಹಿಡಿತವನ್ನು ಕಳೆದುಕೊಳ್ಳುವುವು. ವೃದ್ಧೆಯಾದ ತಾಯಿಯನ್ನು ಕೂರಿಸಿಕೊಂಡು ಬೆಟ್ಟದಿಂದ ಇಳಿಯುವ ಮಗನು ಮೊದಲು ನೆನೆಯಬೇಕಾದುದು ಇದನ್ನು.

ಬೆಟ್ಟದ ಏರಿಗೆ ಜೀಪಿನ ಎರಡನೆಯ ಸನ್ನೆಯನ್ನು ಎಳೆದು ‘ಲೋ’ ಗೇರನ್ನು ಉಪಯೋಗಿಸಬಹುದಲ್ಲವೇ ಎಂದು ತಿಳಿದವರು ಕೇಳಬಹುದು. ಈ ಹಳೆಯ ಜೀಪುಗಳಲ್ಲಿ ಮುಂದಿನ ಅಚ್ಚಿಗೂ ಬಲವನ್ನು ಕೊಟ್ಟಲ್ಲದೆ ಆ ಗೇರು ಬೀಳುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿಯಾದರೆ ಗಾಲಿಯು ತುಸು ಜಾರಿ ಈ ವ್ಯತ್ಯಾಸವನ್ನು ಸರಿಮಾಡಿಕೊಳ್ಳುವುದು. ಒಣಗಿದ ಟಾರು ರಸ್ತೆಯಲ್ಲಿ ಜಾರಲಾರದೆ ಎರಡು ಅಚ್ಚುಗಳೂ ಒಂದನ್ನೊಂದು ತಿರುಚುವುವು. ಆದುದರಿಂದ ನಂದಿಯ ರಸ್ತೆಗೆ ಆ ಸನ್ನೆಯು ಪರಿಹಾರವಲ್ಲ.

ಇದೇ ಕಾರಣದಿಂದ ಮತ್ತೊಂದು ನಿಯಮವೂ ಹುಟ್ಟುವುದು. ನಾಲ್ಕು ಗಾಲಿಗಳಿಗೂ ಬಲವು ಹೋಗುವ ಗಾಡಿಯಲ್ಲಿ ಹಿಂದಿನ ಅಚ್ಚಿನ ಪ್ರಮಾಣವನ್ನು ಬದಲಾಯಿಸಿದರೆ ಮುಂದಿನದನ್ನೂ ಅಷ್ಟಕ್ಕೇ ಬದಲಾಯಿಸಲೇಬೇಕು. ಹಿಂದೆ 39 ಹಲ್ಲು ಮುಂದೆ 43 ಹಲ್ಲು ಉಳಿದರೆ, ಒಂದೇ ನೊಗಕ್ಕೆ ವೇಗವಾದ ಎತ್ತನ್ನೂ ನಿಧಾನವಾದ ಎತ್ತನ್ನೂ ಕಟ್ಟಿದಂತೆ. ಮುಂದಿನ ಅಚ್ಚಿಗೆ ಬಲವನ್ನು ಕೊಟ್ಟ ಕ್ಷಣದಿಂದ ಹಲ್ಲುಗಳೂ ದಂಡಗಳೂ ತಿರುಚಿಕೊಂಡು, ದುರ್ಬಲವಾದುದು ಮೊದಲು ಮುರಿಯುವುದು. ಸಹಕಾರನಗರದಲ್ಲಿ ಕೆಸರೆಲ್ಲಿದೆ, ಹಿಂದಿನದೊಂದು ಸಾಕೆಂದು ಹಣವನ್ನು ಉಳಿಸುವವರು, ಮುಂದೆಂದೋ ತೋಟದ ದಾರಿಯಲ್ಲಿ ಗಾಡಿ ಹೂತುಹೋದಾಗ ಆ ಸನ್ನೆಗೆ ಕೈಹಾಕದೆ ಇರಲಾರರು. ಆದಕಾರಣ ಗ್ಯಾರೇಜಿನವರು ಒಂದು ಅಚ್ಚಿಗೆ ಹೇಳಿದ ಬೆಲೆಯನ್ನು ಗೃಹಸ್ಥನು ಎರಡರಿಂದ ಗುಣಿಸಿಯೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಪೆಟ್ರೋಲಿನ ಉಳಿತಾಯವೆಷ್ಟು? ಇಂಜಿನಿನ ಸುತ್ತು ನೂರಕ್ಕೆ ಒಂಬತ್ತು ಇಳಿದರೆ ಪೆಟ್ರೋಲೂ ಒಂಬತ್ತು ಇಳಿಯುವುದೆಂದು ಎಣಿಸುವುದು ತಪ್ಪು. ಗಾಡಿಯನ್ನು ಗಾಳಿಗೆದುರಾಗಿ ನೂಕಲು ಬೇಕಾದ ಕೆಲಸವು ಹಲ್ಲುಚಕ್ರವನ್ನು ಬದಲಾಯಿಸಿದ ಮಾತ್ರಕ್ಕೆ ಕಡಮೆಯಾಗುವುದಿಲ್ಲ. ಉಳಿಯುವುದು ಇಂಜಿನಿನ ಒಳಗಿನ ತಿಕ್ಕಾಟದಲ್ಲಿ ಹೋಗುವ ಸ್ವಲ್ಪ ಭಾಗ ಮಾತ್ರ. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದು. ವೇಗವು 60ರಿಂದ 80ಕ್ಕೆ ಏರಿದರೆ ತಡೆಯು ಸುಮಾರು ಒಂದು ಮುಕ್ಕಾಲು ಪಟ್ಟಾಗುವುದು. ಜೀಪಿನ ಮೈಯೋ ಗೋಡೆಯಂತೆ ನೆಟ್ಟಗೆ ನಿಂತಿದೆ. ಹೊಸ ಅಚ್ಚು ಬಂದೊಡನೆ ಇಂಜಿನಿನ ಸದ್ದಡಗಿ, ಚಾಲಕನು ತನಗರಿವಿಲ್ಲದೆಯೇ 60ರ ಬದಲು 75ರಲ್ಲಿ ಓಡಿಸತೊಡಗಿದರೆ, ಹಲ್ಲುಚಕ್ರವು ಉಳಿಸಿದುದನ್ನು ಗಾಳಿಯು ಬಡ್ಡಿಸಹಿತ ವಸೂಲು ಮಾಡುವುದು. ಹಳೆಯ ಅಚ್ಚಿನಲ್ಲಿಯೇ 60ನ್ನು ಮೀರದೆ ಓಡಿಸುವವನಿಗೆ ಒಂದು ಕಾಸಿನ ಖರ್ಚೂ ಇಲ್ಲದೆ ಉಳಿತಾಯವಿದೆ. ಹೆಬ್ಬಾಳ, ಕೊಡಿಗೇಹಳ್ಳಿಗಳ ಸಂದಣಿಯಲ್ಲಿ ಅಂಗುಲ ಅಂಗುಲವಾಗಿ ಸರಿಯುವ ಗಾಡಿಗಂತೂ ಕಡಮೆಯ ಪ್ರಮಾಣದಿಂದ ಏನೂ ಲಾಭವಿಲ್ಲ.

ಲೆಕ್ಕವನ್ನು ಇಡುವವರು ಎಚ್ಚರದಿಂದಿರಬೇಕಾದ ಮತ್ತೊಂದು ವಿಷಯವಿದೆ. ಹಳೆಯ ಜೀಪಿನಲ್ಲಿ ವೇಗವನ್ನು ತೋರಿಸುವ ಗಡಿಯಾರಕ್ಕೆ ಚಲನೆಯು ಬರುವುದು ಗಾಲಿಯಿಂದಲ್ಲ, ಕಡೆಯ ಗೇರಿಗಿಂತ ಮುಂಚಿನ ಪೆಟ್ಟಿಗೆಯಿಂದ. 5.38ಕ್ಕೆ ಹೊಂದಿಸಿದ ಆ ಗಡಿಯಾರವು ಅಚ್ಚು 4.88 ಆದುದನ್ನು ಅರಿಯದು. ಅದು 60 ಎಂದು ತೋರಿಸುತ್ತಿರುವಾಗ ಗಾಡಿಯು ನಿಜವಾಗಿ 66ರಲ್ಲಿಯೂ, 80 ಎಂದಾಗ 88ರಲ್ಲಿಯೂ ಓಡುತ್ತಿರುವುದು. ಮೊದಲೇ ಬ್ರೇಕಿನ ಮೇಲೆ ಹೊರೆ ಹೆಚ್ಚಿದ ಗಾಡಿಯಲ್ಲಿ ಈ ಮರೆವು ಅಪಾಯಕ್ಕೆ ದಾರಿ. ಕಿಲೋಮೀಟರಿನ ಎಣಿಕೆಯೂ ಹೀಗೆಯೇ. 100 ಕಿಲೋಮೀಟರು ನಡೆದರೆ 91 ಎಂದು ಬರೆಯುವುದು. ಇದಕ್ಕೆ ವಿರುದ್ಧವಾಗಿ ಪ್ರಮಾಣವನ್ನು 4.88ರಿಂದ 5.38ಕ್ಕೆ ಏರಿಸಿದವರ ಗಾಡಿಯು 100 ನಡೆದು 110 ಎಂದು ತೋರಿಸುವುದು. ಪೆಟ್ರೋಲು ನಿಜವಾಗಿ ಹೆಚ್ಚು ಸುಟ್ಟಿದ್ದರೂ ಯಜಮಾನನು ಲೀಟರಿಗೆ ಇಷ್ಟು ಹೆಚ್ಚಿತೆಂದು ಹಿಗ್ಗುವನು! ಗೇರು ಬದಲಾದ ಮೇಲೆ ಬಳ್ಳಾರಿ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಹತ್ತು ಕಿಲೋಮೀಟರು ಓಡಿಸಿ ಗಡಿಯಾರದೊಡನೆ ತಾಳೆ ನೋಡುವುದು, ಗಡಿಯಾರಕ್ಕೆ ಚಲನೆ ಕೊಡುವ ಪುಟ್ಟ ಹಲ್ಲುಚಕ್ರವನ್ನೂ ಬದಲಾಯಿಸಿಸುವುದು, ಇವೆರಡೂ ಅವಶ್ಯಕ.

ಹಲ್ಲುಚಕ್ರವನ್ನು ಮುಟ್ಟದೆಯೇ ಕಡೆಯ ಪ್ರಮಾಣವನ್ನು ಬದಲಾಯಿಸುವವರೂ ಇದ್ದಾರೆ. ತಾವು ಹಾಗೆ ಮಾಡಿದೆವೆಂಬುದು ಅವರಿಗೇ ತಿಳಿದಿರುವುದಿಲ್ಲ. ಶೋಭೆಗಾಗಿ ದೊಡ್ಡ ಟಯರುಗಳನ್ನು ಹಾಕಿಸಿಕೊಳ್ಳುವ ತರುಣರನ್ನು ಕುರಿತು ಈ ಮಾತು. 28 ಅಂಗುಲ ಎತ್ತರದ ಟಯರನ್ನು ತೆಗೆದು 31 ಅಂಗುಲದ್ದನ್ನು ಹಾಕಿದರೆ, ಗಾಲಿಯು ಒಂದು ಸುತ್ತಿಗೆ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ದೂರ ಉರುಳುವುದು. ಎಳೆತವು ಅಷ್ಟಕ್ಕೆ ತಕ್ಕಂತೆ ಕುಗ್ಗುವುದು. ಬ್ರೇಕಿನ ಹಿಡಿತವೂ ಕುಗ್ಗುವುದು. ವೇಗದ ಗಡಿಯಾರವು ಸುಳ್ಳಾಡತೊಡಗುವುದು. ಗಾಡಿಯು ಏಕೋ ಮೊದಲಿನಂತೆ ಎಳೆಯುವುದಿಲ್ಲವೆಂದು ಇಂಜಿನನ್ನು ಬಿಚ್ಚಿಸುವುದಕ್ಕೆ ಮುಂಚೆ ಟಯರಿನ ಅಳತೆಯನ್ನು ನೋಡತಕ್ಕದ್ದು. ಇಂತಹ ಗಾಡಿಯಲ್ಲಿ 4.88ನ್ನು 5.38ಕ್ಕೆ ಏರಿಸಿದರೆ ಕಳೆದುಹೋದ ಎಳೆತವು ಹೆಚ್ಚು ಕಡಮೆ ಇದ್ದಲ್ಲಿಗೇ ಮರಳುವುದು. ಅದು ಹೊಸ ಸಂಪಾದನೆಯಲ್ಲ, ಕಳೆದುದರ ಮರುಪಾವತಿ. ಹಳೆಯ ಅಳತೆಯ ಟಯರನ್ನು ಹಾಕಿಸಿಕೊಳ್ಳುವುದು ಅದಕ್ಕಿಂತ ಅಗ್ಗವಾದ ಮರುಪಾವತಿ.

ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನನ್ನು ಕೂರಿಸಿದವರ ಸ್ಥಿತಿಯು ಬೇರೆ. ಪೆಟ್ರೋಲಿನ ಬೆಲೆಯೇರಿದ ಕಾಲದಲ್ಲಿ ನಮ್ಮ ದೇಶದಲ್ಲಿ ಅನೇಕರು ಹೀಗೆ ಮಾಡಿದರು. ಹಳೆಯ ಡೀಸೆಲ್ ಇಂಜಿನು ನಿಧಾನವಾಗಿ ಸುತ್ತಿ ಹೆಚ್ಚು ಎಳೆಯುವ ಸ್ವಭಾವದ್ದು. ಅದನ್ನು 5.38ರ ಅಚ್ಚಿಗೆ ಗಂಟುಹಾಕಿದರೆ, ಎಳೆತವು ಬೇಕಾದುದಕ್ಕಿಂತ ಹೆಚ್ಚಾಗಿ ವೇಗವು ಮಾತ್ರ ಬೇಗನೆ ಮುಗಿದುಹೋಗುವುದು. ಇಂತಹ ಗಾಡಿಗೆ ಪ್ರಮಾಣವನ್ನು ತಗ್ಗಿಸುವುದು ನ್ಯಾಯವೇ ಸರಿ. ಇಂಜಿನು, ಟಯರು, ಅಚ್ಚು ಈ ಮೂರೂ ಒಂದಕ್ಕೊಂದು ಹೊಂದಿ ನಡೆಯಬೇಕೆಂಬುದು ಇದರಿಂದ ತಿಳಿಯುವುದು.

ಬದಲಾಯಿಸಲೇಬೇಕೆಂದು ನಿಶ್ಚಯಿಸಿದವರು ಕೆಲಸದ ರೀತಿಯನ್ನೂ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕ್ರೌನೂ ಪಿನಿಯನ್ನೂ ಜೊತೆಯಾಗಿಯೇ ಮಸೆದು ಹೊಂದಿಸಲ್ಪಟ್ಟವು. ಒಂದನ್ನು ಒಂದು ಕಡೆ, ಮತ್ತೊಂದನ್ನು ಇನ್ನೊಂದು ಕಡೆ ಕೊಳ್ಳಬಾರದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ ಶಿವಾಜಿನಗರದ ಗುಜರಿಯಲ್ಲಾಗಲಿ ಹಳೆಯ ಸಾಮಾನನ್ನು ಕೊಳ್ಳುವಾಗ ಹಲ್ಲುಗಳನ್ನು ತಾವೇ ಎಣಿಸಿ ನೋಡಬೇಕು. ಕೂರಿಸುವಾಗ ಹಲ್ಲುಗಳ ನಡುವೆ ಬಿಡುವ ಸಡಿಲವು ಒಂದು ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲು ಮಾತ್ರ. ಒಳ್ಳೆಯ ಕೆಲಸಗಾರನು ಹಲ್ಲುಗಳಿಗೆ ಬಣ್ಣವನ್ನು ಬಳಿದು, ಕೈಯಿಂದ ತಿರುಗಿಸಿ, ಗುರುತು ಹಲ್ಲಿನ ನಡುಭಾಗದಲ್ಲಿ ಬೀಳುವಂತೆ ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ ಹೊಂದಿಸುವನು. ಈ ಸಾಧನಗಳಿಲ್ಲದೆ ಅಂದಾಜಿನಿಂದ ಕೂರಿಸಿದ ಗೇರು, ಕೆಲವೇ ದಿನಗಳಲ್ಲಿ ಜೀರುಂಡೆಯಂತೆ ಕೂಗತೊಡಗಿ, ಬಳಿಕ ಸವೆದು ಹಾಳಾಗುವುದು. ಇಂಜಿನಿನ ಸದ್ದನ್ನು ಅಡಗಿಸಲು ಹೋಗಿ ಅಚ್ಚಿನ ಕೂಗನ್ನು ಮನೆಗೆ ತಂದಂತಾಗುವುದು. ಹೊಸ ಜೊತೆಯು ಪಳಗುವವರೆಗೆ, ಮೊದಲ ಕೆಲವು ನೂರು ಕಿಲೋಮೀಟರುಗಳನ್ನು ಭಾರವಿಲ್ಲದೆ, ಆತುರವಿಲ್ಲದೆ ಓಡಿಸಿ, ಆಮೇಲೆ ಎಣ್ಣೆಯನ್ನು ಬದಲಾಯಿಸಬೇಕು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದುದಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ವಿಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಇಂಜಿನಿನ ಬದಲಾವಣೆಗಂತೂ ಅನುಮತಿಯು ಬೇಕೇ ಬೇಕು. ಅಚ್ಚಿನ ಕೆಲಸಕ್ಕೂ ಮುಂಚಿತವಾಗಿ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರೆದು ತಿಳಿಸುವುದು ಕ್ಷೇಮ.

ಹೊಸ ಕಾರುಗಳಿರುವ ವಾಚಕರು ಇದೆಲ್ಲ ತಮಗೆ ಸಂಬಂಧಿಸಿದುದಲ್ಲವೆಂದು ಪುಟವನ್ನು ಮಗುಚಬಾರದು. ಮುಂದಿನ ಗಾಲಿಗಳಿಂದ ಎಳೆಯುವ ಇಂದಿನ ಚಿಕ್ಕ ಕಾರುಗಳಲ್ಲಿ ಕಡೆಯ ಗೇರು ಗೇರುಪೆಟ್ಟಿಗೆಯೊಳಗೇ ಅಡಗಿದೆ. ಅದನ್ನು ಬದಲಾಯಿಸುವುದೆಂದರೆ ಪೆಟ್ಟಿಗೆಯನ್ನೇ ಇಳಿಸಿ ಬಿಚ್ಚುವುದು. ಐದಾರು ಗೇರುಗಳಿರುವುದರಿಂದ ಏರಿಗೊಂದು ಓಟಕ್ಕೊಂದು ಎಂಬಂತೆ ತಯಾರಕರೇ ಹಂಚಿಟ್ಟಿರುವರು. ಹಳೆಯ ಜೀಪಿನ ಮೂರು ಗೇರುಗಳಿಗೆ ಆ ಭಾಗ್ಯವಿರಲಿಲ್ಲ. ಬಸ್ಸು ಲಾರಿಗಳ ತಯಾರಕರಾದರೋ ಒಂದೇ ಚಾಸಿಗೆ ಬೇರೆ ಬೇರೆ ಪ್ರಮಾಣದ ಅಚ್ಚುಗಳನ್ನು ಒದಗಿಸುವರು. ಆಗುಂಬೆ, ಚಾರ್ಮಾಡಿಗಳ ಘಟ್ಟವನ್ನು ಹತ್ತುವುದಕ್ಕೆ ಒಪ್ಪುವುದು ಬಯಲಿನ ಓಟಕ್ಕೆ ಒಪ್ಪದು. 2001ರಲ್ಲಿ ಬೆಂಗಳೂರಿನಿಂದಲೇ ಹೊರಟ ರೇವಾ ಮೊದಲ್ಗೊಂಡು ಇಂದಿನ ಬಹುತೇಕ ವಿದ್ಯುತ್ ಕಾರುಗಳಲ್ಲಿ ಗೇರುಗಳ ಆಯ್ಕೆಯೇ ಇಲ್ಲದೆ ಒಂದೇ ಪ್ರಮಾಣವಿರುವುದು. ಅಲ್ಲಿಯೂ ತಯಾರಕನು ಏರನ್ನೂ ಓಟವನ್ನೂ ತೂಗಿ ನೋಡಿ, ನಡುವೆ ಎಲ್ಲಿಯೋ ಒಂದು ಕಡೆ ಗೆರೆ ಎಳೆದಿರುವನು. ಯಾರೋ ಒಬ್ಬರು ನಮಗಾಗಿ ಮೊದಲೇ ಮಾಡಿಟ್ಟ ಒಪ್ಪಂದವೇ ಕಡೆಯ ಗೇರು.

ಈಗ ಸಹಕಾರನಗರದ ಸಂಸಾರಕ್ಕೆ ನಮ್ಮ ಸಲಹೆ. ಮೂರು ತಿಂಗಳು ಜೀಪು ಎಲ್ಲೆಲ್ಲಿ ಎಷ್ಟೆಷ್ಟು ಓಡಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ವಾರಕ್ಕೆ ಹಲವು ಬಾರಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳವರೆಗೆ ಹೆದ್ದಾರಿಯಲ್ಲಿಯೇ ಓಟವಿದ್ದರೆ, ಎರಡು ಅಚ್ಚುಗಳಿಗೂ 4.88ನ್ನು ಹಾಕಿಸುವುದರಲ್ಲಿ ಅರ್ಥವಿದೆ. ಅದಕ್ಕಿಂತ ಕೆಳಗೆ ಇಳಿಯಬಾರದು. ಬ್ರೇಕುಗಳನ್ನು ಮೊದಲು ಸರಿಮಾಡಿಸಬೇಕು. ಪುಸ್ತಕದಲ್ಲಿ ತರಕಾರಿ ಅಂಗಡಿ, ಹೆಬ್ಬಾಳ, ವರ್ಷಕ್ಕೊಮ್ಮೆ ನಂದಿ ಎಂದಿಷ್ಟೇ ಕಂಡುಬಂದರೆ, ಹಳೆಯ ಹಲ್ಲುಗಳೇ ಆ ಮನೆಗೆ ಸರಿಯಾದ ಹಲ್ಲುಗಳು. ಹೆದ್ದಾರಿಯಲ್ಲಿ ಎಡಗಡೆಗೆ ಸರಿದು 50, 55ರಲ್ಲಿ ಹೋಗಲಿ. ದೇವನಹಳ್ಳಿಯನ್ನು ಮುಟ್ಟುವುದು ಐದಾರು ನಿಮಿಷ ತಡವಾಗಬಹುದು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬಂತೆ, ಬೆಟ್ಟದ ಬಲವೂ ಬೇಕು ಬಯಲಿನ ವೇಗವೂ ಬೇಕೆಂದರೆ ಎಂಟು ಹಲ್ಲಿನ ಪಿನಿಯನ್ನು ಅದನ್ನು ಒಪ್ಪುವುದಿಲ್ಲ. ತೋಟದಲ್ಲಿ ದುಡಿದ ಮುದಿ ಗಾಡಿಯಿಂದ ಓಟದ ಕುದುರೆಯ ಕೆಲಸವನ್ನು ನಿರೀಕ್ಷಿಸದಿದ್ದರೆ ಅದು ಇನ್ನೂ ಬಹುಕಾಲ ತಾಯಿಯವರನ್ನು ಬೆಟ್ಟಕ್ಕೆ ಹತ್ತಿಸಿ, ಅದಕ್ಕಿಂತ ಮುಖ್ಯವಾಗಿ, ಕ್ಷೇಮವಾಗಿ ಇಳಿಸಿ ತರುವುದು. ತಾರಸಿಯ ಹಣವು ತಾರಸಿಗೇ ಹೋಗಲಿ. ಮಳೆಗಾಲವು ಯಾರ ಲೆಕ್ಕಕ್ಕೂ ಕಾಯುವುದಿಲ್ಲ.